ಒಳಗಿಟ್ಟ ಮೇಲೆ ಯಾರ ಹೊಣೆ?

ಮಿದುಳಿನೊಳಗೆ ಇಡುವ ಸಾಧನಗಳ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು, ಅವು ಕೆಲಸ ಮಾಡುತ್ತವೆಯೇ ಎಂದು. ಅದಕ್ಕೆ ಉತ್ತರ ಸಿಗತೊಡಗಿದೆ. ಎಎಲ್‌ಎಸ್ ಕಾಯಿಲೆಯಿಂದ ಮಾತು ಕಳೆದುಕೊಳ್ಳುತ್ತಿದ್ದ ಒಬ್ಬರ ಮಿದುಳಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ತಂಡ 256 ಎಲೆಕ್ಟ್ರೋಡ್‌ಗಳನ್ನಿಟ್ಟಿತು. ಅವರು ಆಡಬಯಸಿದ ಮಾತು ಶೇ. 97ರಷ್ಟು ಸರಿಯಾಗಿ ಪರದೆಯ ಮೇಲೆ ಮೂಡಿತೆಂದು 2024ರಲ್ಲಿ ವರದಿಯಾಯಿತು. ಇಂಥದ್ದು ದಿನನಿತ್ಯದ ಚಿಕಿತ್ಸೆಯಾಗಬೇಕಾದರೆ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು: ಇಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಆಸ್ಟ್ರೇಲಿಯಾದ ಒಬ್ಬ ಮಹಿಳೆಯ ಪ್ರಸಂಗ ನೋಡಿ. ಮೂರ್ಛೆರೋಗದಿಂದ ನರಳುತ್ತಿದ್ದ ಆಕೆಗೆ ನ್ಯೂರೋವಿಸ್ಟಾ ಎಂಬ ಕಂಪನಿಯ ಸಾಧನವನ್ನು 2010ರಲ್ಲಿ ಅಳವಡಿಸಲಾಯಿತು. ಫಿಟ್ಸ್ ಬರುವ ಸಂಭವ ಹೆಚ್ಚಾದರೆ ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು; ಕಡಿಮೆಯಿದ್ದರೆ ನೀಲಿ. ಕೆಂಪು ಕಂಡೊಡನೆ ಔಷಧಿ ತೆಗೆದುಕೊಂಡು ಎಚ್ಚರವಾಗಿರಬಹುದಿತ್ತು. ಯಾವಾಗ ಎಲ್ಲಿ ಬೀಳುತ್ತೇನೋ ಎಂಬ ಭಯ ಹೋಯಿತು. ಅಷ್ಟರಲ್ಲಿ ಕಂಪನಿಯ ಹಣ ಮುಗಿಯಿತು. ಮನೆ ಅಡವಿಟ್ಟಾದರೂ ಸಾಧನವನ್ನು ಕೊಳ್ಳುತ್ತೇವೆಂದು ದಂಪತಿ ಬೇಡಿಕೊಂಡರೂ ಅದನ್ನು ತೆಗೆಯಲಾಯಿತು.

ಒಪ್ಪಂದದ ಪ್ರಕಾರ ಅದರಲ್ಲಿ ತಪ್ಪೇನಿಲ್ಲ ಎನ್ನಬಹುದು. ಆದರೆ ಕಸಿ ಮಾಡಿದ ಮೂತ್ರಪಿಂಡವನ್ನು ವಾಪಸು ಕೊಡೆಂದು ದಾನಿ ಕೇಳುವಂತಿಲ್ಲ. ದೇಹ ತನ್ನದಾಗಿಸಿಕೊಂಡದ್ದರ ಮೇಲೆ ಕೊಟ್ಟವರ ಹಕ್ಕು ಉಳಿಯುವುದಿಲ್ಲ. ಒಬ್ಬರ ಧೈರ್ಯ, ತೀರ್ಮಾನ, ಓಡಾಟ ಎಲ್ಲವೂ ಒಂದು ಸಾಧನದ ಜತೆ ಬೆಸೆದುಕೊಂಡ ಮೇಲೆ ಅದನ್ನು ಬರೀ ಕಂಪನಿಯ ಸ್ವತ್ತೆನ್ನುವುದು ಹೇಗೆ?

ಹಾಗೆಂದು ಒಡೆತನವನ್ನು ರೋಗಿಗೆ ಕೊಟ್ಟರೂ ಸಾಲದು. ಅಂಧರಿಗಾಗಿ ಸೆಕೆಂಡ್ ಸೈಟ್ ಕಂಪನಿ ತಯಾರಿಸಿದ ಆರ್ಗಸ್ 2 ಎಂಬ ಅಕ್ಷಿಪಟಲದ ಸಾಧನಕ್ಕೆ 2013ರಲ್ಲಿ ಅಮೆರಿಕದ ಅನುಮೋದನೆಯೂ ಸಿಕ್ಕಿತ್ತು. ಮುಂದೆ ಕಂಪನಿ ಅದರ ಕೈಬಿಟ್ಟಾಗ 350ಕ್ಕೂ ಹೆಚ್ಚು ಜನರ ಕಣ್ಣಲ್ಲಿ ಸಾಧನ ಹಾಗೇ ಉಳಿಯಿತು. ಕೆಟ್ಟರೆ ರಿಪೇರಿ ಮಾಡುವವರಿರಲಿಲ್ಲ. ಮೂತ್ರಪಿಂಡಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ಇವಕ್ಕೆ ಬೇಕು. ಮಿದುಳಿನ ಸಂಕೇತಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಅವನ್ನು ಓದುವ ಕಂಪ್ಯೂಟರಿಗೂ ಮತ್ತೆ ಮತ್ತೆ ಕಲಿಸುತ್ತಿರಬೇಕು. ನಮ್ಮಲ್ಲೂ ಸರ್ಕಾರದ ನೆರವಿನಿಂದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ತಂದೆತಾಯಿಗೆ ಇದು ಗೊತ್ತು: ವಾರಂಟಿ ಮುಗಿದ ಮೇಲೆ ಕಿವಿಯ ಹಿಂದಿನ ಪ್ರೊಸೆಸರ್ ಕೆಟ್ಟರೆ ನಿಜವಾದ ಕಷ್ಟ ಶುರುವಾಗುತ್ತದೆ.

ಜೀವಮಾನದ ಹೊಣೆ ಹೊರಿಸಿದರೆ ಯಾವ ಕಂಪನಿಯೂ ಈ ಕ್ಷೇತ್ರಕ್ಕೆ ಕಾಲಿಡುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸೋಂಕು ತಗುಲಿದರೆ ಸಾಧನವನ್ನು ತೆಗೆಯಲೇಬೇಕಾಗುತ್ತದೆ ಎಂಬುದೂ ನಿಜ. ಆದರೆ ಹೊಣೆಯೆಲ್ಲ ಒಬ್ಬರ ತಲೆಯ ಮೇಲೇ ಬೀಳಬೇಕಿಲ್ಲ. ಕಂಪನಿ ಮೊದಲೇ ಠೇವಣಿ ಇಡಬಹುದು, ವಿಮೆ ಪಾಲು ಹೊರಬಹುದು. ಕಂಪನಿ ಮುಚ್ಚಿದರೆ ವಿನ್ಯಾಸವೂ ಸಾಫ್ಟ್‌ವೇರೂ ಇನ್ನೊಬ್ಬರ ಕೈಗೆ ಹೋಗುವಂತೆ ಕಾನೂನು ಮಾಡಬಹುದು. ಇದರಿಂದ ಬೆಲೆ ಏರಬಹುದು. ಆದರೆ ಈಗಲೂ ಆ ಬೆಲೆಯನ್ನು ಯಾರೋ ತೆರುತ್ತಲೇ ಇದ್ದಾರೆ: ರೋಗಿ, ಒಬ್ಬಂಟಿಯಾಗಿ.

ರೋಗಿ ಏನೇನು ಅಪಾಯ ಎದುರಿಸಬೇಕಾದೀತು ಎಂಬುದನ್ನು ಒಪ್ಪಿಗೆ ಪತ್ರ ವಿವರವಾಗಿ ಹೇಳುತ್ತದೆ. ಸಾಧನ ಇಡುವವರು ಎಷ್ಟು ವರ್ಷ ಜತೆಗಿರುತ್ತಾರೆ, ಅದಕ್ಕೆ ಹಣ ಎಲ್ಲಿದೆ ಎಂಬುದೂ ಅದೇ ಪತ್ರದಲ್ಲಿರಬೇಕು. ಅಷ್ಟನ್ನು ಬರೆದುಕೊಡಲಾಗದಿದ್ದರೆ, ಸಾಧನ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಅದಿನ್ನೂ ಪ್ರಯೋಗವೇ ಹೊರತು ಚಿಕಿತ್ಸೆಯಲ್ಲ.