ಕಡಲ ತಡಿಯ ವಾಸವೂ ಊರಿನ ಋಣವೂ

ಮನುಷ್ಯನು ಯಾವ ಊರಿನವನು? ಇರುಳು ಮಲಗುವ ಊರಿನವನೋ, ಹಗಲು ದುಡಿಯುವ ಊರಿನವನೋ? ಮಂಜೇಶ್ವರದಂತಹ ಕಡಲ ತಡಿಯಲ್ಲಿ ವಾಸಿಸುವವರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಪಡುವಣಕ್ಕೆ ಸಮುದ್ರ; ಬಡಗಣಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ ಮಂಗಳೂರು; ತೆಂಕಣಕ್ಕೆ ಜಿಲ್ಲಾ ಕೇಂದ್ರವಾದ ಕಾಸರಗೋಡು. ಕಾಲೇಜು, ಆಸ್ಪತ್ರೆ, ಉದ್ಯೋಗ, ಜವಳಿ ಇವೆಲ್ಲಕ್ಕೂ ರೈಲನ್ನೋ ಬಸ್ಸನ್ನೋ ಏರಿದರಾಯಿತು. ಪಟ್ಟಣದ ಗದ್ದಲವಿಲ್ಲದೆ ಪಟ್ಟಣದ ಫಲವನ್ನುಣ್ಣುವ ಭಾಗ್ಯ ನಮ್ಮದೆಂದು ನಾವು ಹೆಮ್ಮೆಪಡುವುದುಂಟು.

ಆದರೆ ಈ ಭಾಗ್ಯಕ್ಕೆ ತೆರುವ ಬೆಲೆ ಏನೆಂಬುದನ್ನು ವಿಚಾರಿಸಬೇಡವೇ? ದುಡಿಮೆಯನ್ನೂ ಹಣವನ್ನೂ ಎಚ್ಚರದ ಹೊತ್ತನ್ನೂ ಪಟ್ಟಣಕ್ಕೆ ಕೊಡುತ್ತೇವೆ; ಊರಿಗೆ ಉಳಿಯುವುದು ನಮ್ಮ ಆಯಾಸ, ನಮ್ಮ ನಿದ್ರೆ. ಊರ ಕನ್ನಡ ಶಾಲೆಯ ತರಗತಿ ಬರಿದಾದರೂ ವಾಚನಾಲಯದ ಬಾಗಿಲು ಮುಚ್ಚಿದರೂ ನಮ್ಮ ದಿನಚರಿಗೆ ಭಂಗವಿಲ್ಲ.

ಹಾಗೆಂದು ಪಟ್ಟಣಕ್ಕೆ ಹೋಗುವುದೇ ದೋಷವೆನ್ನಲಾಗದು. ಬಡವರ ಮನೆಯ ಹುಡುಗಿಯೊಬ್ಬಳು ಉನ್ನತ ವಿದ್ಯೆಗಾಗಿ ಹೊರಟರೆ, ಅವಳನ್ನು ತಡೆಯುವ ಊರಭಿಮಾನವು ಅಭಿಮಾನವಲ್ಲ, ಸ್ವಾರ್ಥ. ಮೊಗವೀರನೂ ನಸುಕಿನಲ್ಲಿ ದಡವನ್ನು ಬಿಟ್ಟೇ ಹೋಗುತ್ತಾನೆ. ಆದರೆ ಅವನು ತಂದ ಮೀನು ದಡದ ಮೇಲಣ ಹತ್ತು ಮನೆಗಳ ಅನ್ನವಾಗುತ್ತದೆ. ಆದುದರಿಂದ ಪ್ರಶ್ನೆ ಹೋಗುವುದನ್ನು ಕುರಿತದ್ದಲ್ಲ. ಮರಳುವಾಗ ಏನನ್ನು ತರುತ್ತೇವೆಂಬುದನ್ನು ಕುರಿತದ್ದು.

ಸಾಂಕ್ರಾಮಿಕದ ನಿಮಿತ್ತ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಲ್ಪಟ್ಟಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಗೆ ಸಿಲುಕಿದರು. ವಿಷಯವು ನ್ಯಾಯಾಲಯದ ಮೆಟ್ಟಲನ್ನೇರಿತು. ದಾರಿಯ ಸಾಮೀಪ್ಯ ಬೇರೆ, ಹಕ್ಕಿನ ಸಾಮೀಪ್ಯ ಬೇರೆ ಎಂಬುದು ಅಂದು ಮನದಟ್ಟಾಯಿತು. ದೂರದ ಸೌಕರ್ಯವನ್ನು ನೆಚ್ಚಿ ಹತ್ತಿರದ್ದನ್ನು ಬೆಳೆಸದವನು, ದಾರಿ ಕಟ್ಟಿದ ದಿನ ಎರಡನ್ನೂ ಕಳೆದುಕೊಳ್ಳುತ್ತಾನೆ.

ಮಂಗಳೂರು, ಮದರಾಸುಗಳಲ್ಲಿ ಓದಿದ ಗೋವಿಂದ ಪೈಗಳು ಮಂಜೇಶ್ವರದಲ್ಲಿಯೇ ನೆಲೆನಿಂತು, ನಾನಾ ಭಾಷೆಗಳ ಗ್ರಂಥಗಳನ್ನು ತಮ್ಮ ಮನೆಯಲ್ಲಿ ಕಲೆಹಾಕಿ ಬರೆದರು. ಮದರಾಸು ಸರಕಾರವು 1949ರಲ್ಲಿ ಕೊಟ್ಟ ರಾಷ್ಟ್ರಕವಿ ಎಂಬ ಗೌರವ ಈ ತಡಿಯನ್ನು ಅರಸಿಕೊಂಡು ಬಂದಿತು. ಎಲ್ಲರೂ ಪೈಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಹೊರಗೆ ಕಲಿತದ್ದನ್ನು ಒಳಗೆ ತರುವ ಅಭ್ಯಾಸವಾದರೋ ಎಲ್ಲರಿಗೂ ಸಾಧ್ಯ. ವಾರಕ್ಕೊಂದು ಸಂಜೆ ಊರ ಮಕ್ಕಳೊಡನೆ ಕುಳಿತು ಒಂದು ಪಾಠವನ್ನು ಬಿಡಿಸಿ ಹೇಳಲು ಯಾವ ಬಿರುದೂ ಬೇಕಾಗಿಲ್ಲ.

ಮಳೆಗಾಲದಲ್ಲಿ ಕಡಲು ದಡದ ಮರಳನ್ನು ಸೆಳೆದೊಯ್ಯುತ್ತದೆ. ಮಳೆ ಕಳೆದ ಮೇಲೆ ಬಹುಪಾಲನ್ನು ಮರಳಿ ತಂದಿಕ್ಕುತ್ತದೆ. ತಾರದೆ ಹೋದೆಡೆಯಲ್ಲಿ ತೆಂಗುಗಳುರುಳುತ್ತವೆ, ಮನೆಗಳು ಕುಸಿಯುತ್ತವೆ. ಊರಿನಿಂದ ಹೊರಗೆ ಹೋಗುವ ನಾವೂ ಮರಳಿ ತರುವುದನ್ನು ಮರೆತರೆ ಊರು ಸವೆಯುತ್ತದೆ. ನಾವು ಯಾವ ಊರಿನವರೆಂಬುದನ್ನು ಮಲಗುವ ಚಾಪೆ ನಿರ್ಣಯಿಸದು; ತೀರಿಸಿದ ಋಣ ನಿರ್ಣಯಿಸುತ್ತದೆ.