ದಾರಿ ದಾಟುವವನ ಹಕ್ಕು

ಉರ್ದುವಿನಲ್ಲಿ ಹೆದ್ದಾರಿಗೆ 'ಶಾಹ್‌ರಾಹ್' ಎನ್ನುತ್ತಾರೆ. ಶಾಹ್ ಎಂದರೆ ದೊರೆ, ರಾಹ್ ಎಂದರೆ ದಾರಿ. ಕನ್ನಡದ 'ರಾಜಮಾರ್ಗ'ವೂ ಇದೇ ಅರ್ಥದ್ದು. ದೊರೆಗಳ ಕಾಲ ಮುಗಿದು ಬಹಳ ವರ್ಷಗಳಾದವು. ದಾರಿ ಈಗ ಪ್ರಜೆಗಳದು. ಆದರೂ ಯಾವುದಾದರೂ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಐದು ನಿಮಿಷ ನಿಂತು ನೋಡಿ. ಅಲ್ಲೊಬ್ಬ ದೊರೆ ಇನ್ನೂ ಆಳುತ್ತಿದ್ದಾನೆ. ವೇಗವಾಗಿ ಹೋಗುವವನೇ ಆ ದೊರೆ. ಉಳಿದವರೆಲ್ಲ ಅವನು ಹಾದುಹೋಗುವವರೆಗೆ ಬದಿಗೆ ಸರಿದು ನಿಲ್ಲಬೇಕು.

ನಾವು ಹೆದ್ದಾರಿಯ ವಿರೋಧಿಗಳಲ್ಲ. 2014ರಲ್ಲಿ ದೇಶದಲ್ಲಿ ಸುಮಾರು 91 ಸಾವಿರ ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿಯಿತ್ತು. ಹತ್ತು ವರ್ಷಗಳೊಳಗೆ ಅದು 1 ಲಕ್ಷದ 46 ಸಾವಿರ ಕಿಲೋಮೀಟರ್ ದಾಟಿತು. ಇದರಿಂದ ರೈತನ ಟೊಮೆಟೊ ಕೊಳೆಯುವ ಮುನ್ನ ಮಾರುಕಟ್ಟೆ ಸೇರುತ್ತದೆ, ರೋಗಿ ಬೇಗ ಆಸ್ಪತ್ರೆ ತಲುಪುತ್ತಾನೆ. ಇದು ಸಣ್ಣ ಉಪಕಾರವಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. ಸರಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು. ಸಾವಿನಲ್ಲಿ ಅವುಗಳ ಪಾಲು ನೂರಕ್ಕೆ 36. ಎಲ್ಲ ರಸ್ತೆಗಳಲ್ಲಿ ಸತ್ತವರ ಪೈಕಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ದ್ವಿಚಕ್ರ ವಾಹನದವರು ಇಲ್ಲವೇ ಪಾದಚಾರಿಗಳು. ಅಂದರೆ, ಉಕ್ಕಿನ ಗೂಡಿನೊಳಗೆ ಕುಳಿತವರಿಗಿಂತ ಹೊರಗಿರುವವರೇ ಹೆಚ್ಚು ಸಾಯುತ್ತಿದ್ದಾರೆ.

ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಬರುತ್ತದೆ: 'ರಸ್ತೆ ದಾಟುತ್ತಿದ್ದಾಗ ವಾಹನ ಡಿಕ್ಕಿ.' ಓದುವ ನಾವು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ. ಅಲ್ಲಿ ಏಕೆ ದಾಟಬೇಕಿತ್ತು? ಅಂಡರ್‌ಪಾಸ್ ಇರಲಿಲ್ಲವೇ?

ಇತ್ತು, ಒಂದೂವರೆ ಕಿಲೋಮೀಟರ್ ಆಚೆ ಎಂದಿಟ್ಟುಕೊಳ್ಳಿ. ಹೆದ್ದಾರಿ ಬರುವ ಮೊದಲು ಮನೆಯ ಎದುರಿಗೇ ಹೊಲವಿತ್ತು. ಈಗ ಮನೆ ಈಚೆ, ಹೊಲ ಆಚೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಹೋಗುವಾಗ ಒಂದೂವರೆ, ಮತ್ತೆ ತನ್ನ ಹೊಲಕ್ಕೆ ಒಂದೂವರೆ, ಬರುವಾಗಲೂ ಅಷ್ಟೇ ನಡೆಯಬೇಕು. ಕಾರಿನವನಿಗೆ ಆರು ಕಿಲೋಮೀಟರ್ ಎಂದರೆ ಕೆಲವು ನಿಮಿಷ. ಅವಳಿಗೆ ಅದು ಅರ್ಧ ದಿನದ ಕೂಲಿ. ನಿಯಮ ಇಬ್ಬರಿಗೂ ಒಂದೇ, ಅದನ್ನು ಪಾಲಿಸಲು ತೆರುವ ಬೆಲೆ ಮಾತ್ರ ಬೇರೆ ಬೇರೆ.

ಹಾಗಾದರೆ ಬಡವನಿಗೆ ನಿಯಮ ಬೇಡವೇ? ಬೇಕು. ದೂರದ ಯು-ತಿರುವನ್ನು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರುವ ಮೊಪೆಡ್ ತನ್ನ ಸವಾರನನ್ನಷ್ಟೇ ಅಲ್ಲ, ಇನ್ನೊಬ್ಬರ ಮಗುವನ್ನೂ ಕೊಲ್ಲಬಲ್ಲದು. ಬಡತನ ಆ ಮಗುವಿಗೆ ಉತ್ತರವಾಗದು. ಆದರೆ ನಿಯಮ ಮಾಡುವವನ ಕರ್ತವ್ಯ ಫಲಕ ನೆಟ್ಟಲ್ಲಿಗೆ ಮುಗಿಯುವುದಿಲ್ಲ. ಪಾಲಿಸಲು ಸಾಧ್ಯವಾಗುವಂತೆ ಮಾಡಿದ ಮೇಲೆಯೇ 'ಪಾಲಿಸು' ಎನ್ನುವ ಅಧಿಕಾರ ಬರುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಆರು ಪಥದ ಮುಖ್ಯರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿ, ಸರ್ವಿಸ್ ರಸ್ತೆಯಲ್ಲಿ ಹೋಗಿ ಎಂದರು. ನಿಷೇಧ ಅನ್ಯಾಯವೆಂದು ನಾವು ಹೇಳಲಾರೆವು. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದು ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಅಂತಹ ಪ್ರವಾಹದಲ್ಲಿ ಆಟೋ, ಟ್ರ್ಯಾಕ್ಟರ್ ಸೇರಿಕೊಳ್ಳುವುದು ಜೀವದೊಂದಿಗೆ ಜೂಜಾಟ. ಆದರೆ ಹೊರಗೆ ಕಳುಹಿಸಲ್ಪಟ್ಟವನ ಸರ್ವಿಸ್ ರಸ್ತೆಯಲ್ಲಿ ಹೊಂಡವಿದ್ದರೆ, ಮಳೆಗಾಲದಲ್ಲಿ ಅಂಡರ್‌ಪಾಸ್ ಕೆರೆಯಾದರೆ, ಆ ನಿಷೇಧದ ನೈತಿಕ ಬಲ ಅಲ್ಲಿಗೇ ಕುಸಿಯುತ್ತದೆ. ಅದು ರಕ್ಷಣೆಯ ಹೆಸರಿನ ಹೊರಹಾಕುವಿಕೆಯಾಗುತ್ತದೆ.

ಹದಿನಾರನೇ ಶತಮಾನದ ಶೇರ್ ಶಾಹ್ ಸೂರಿ ತನ್ನ ದಾರಿಗಳ ಬದಿಯಲ್ಲಿ ಸರಾಯಿಗಳನ್ನು ಕಟ್ಟಿಸಿದ, ಬಾವಿ ತೋಡಿಸಿದ, ನೆರಳಿನ ಮರ ನೆಡಿಸಿದ. ಕುದುರೆಯ ಮೇಲೆ ಹೋಗುವವನಿಗಿಂತ ಬರಿಗಾಲಿನವನಿಗೇ ನೆರಳು ಹೆಚ್ಚು ಬೇಕು. ದೊರೆಯ ದಾರಿ ಎನಿಸಿಕೊಂಡದ್ದು ನಡೆಯುವವನನ್ನು ನೆನಪಿಟ್ಟುಕೊಂಡಿತ್ತು. ಪ್ರಜೆಗಳ ದಾರಿ ಅವನನ್ನು ಮರೆಯಬಹುದೇ?

ಇನ್ನು ಸ್ಟೀರಿಂಗ್ ಹಿಡಿದವರ ಮಾತು. ಬೀದಿಯಲ್ಲಿ ನಾವು ಸಭ್ಯರಾಗಿರುವುದು ಎಷ್ಟೋ ಸಲ ಪರಿಚಯದವರಿಗಾಗಿ. ಹೆದ್ದಾರಿಯಲ್ಲಿ ಪರಿಚಯವಿಲ್ಲ. ಎದುರಿನವನ ಮುಖ ಕಾಣುವುದಿಲ್ಲ, ಅವನು ಮತ್ತೆ ಸಿಗುವುದೂ ಇಲ್ಲ. ರಾತ್ರಿ ಹೆಡ್‌ಲೈಟ್ ಡಿಮ್ ಮಾಡುವುದರಿಂದ ನಮಗೆ ಲಾಭವಿಲ್ಲ, ಮಾಡದಿದ್ದರೆ ಕೇಳುವವರೂ ಇಲ್ಲ. ಆದ್ದರಿಂದಲೇ ಅಲ್ಲಿ ನಮ್ಮ ಪರೀಕ್ಷೆ ನಡೆಯುತ್ತದೆ. ಕ್ಯಾಮೆರಾ ಇರುವಲ್ಲಿ ನಿಧಾನಿಸಿ, ದಾಟಿದ ಕೂಡಲೇ ವೇಗ ಹೆಚ್ಚಿಸುವವನು ದಂಡಕ್ಕೆ ಹೆದರಿದನೇ ಹೊರತು ಮನುಷ್ಯನಿಗೆ ಬೆಲೆ ಕೊಡಲಿಲ್ಲ.

ಬಿದ್ದವನನ್ನು ಎತ್ತುವ ವಿಷಯವೂ ಹೀಗೆಯೇ. ಪೊಲೀಸ್, ಕೋರ್ಟು ಎಂದು ಹೆದರಿ ಜನ ಹಿಂದೆ ಸರಿಯುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಆ ರಕ್ಷಣೆ ಕಾಯ್ದೆಯೊಳಗೇ ಸೇರಿತು. ನೆರವಾದವನು ತನ್ನ ಹೆಸರನ್ನು ಹೇಳಲೇಬೇಕೆಂದಿಲ್ಲ. ಭಯದ ನೆಪ ಹೀಗೆ ತೆಗೆದುಹಾಕಲ್ಪಟ್ಟಿದೆ. ಇನ್ನು ವಾಹನ ನಿಲ್ಲಿಸದೆ ಹೋದರೆ ಅದಕ್ಕೆ ಕಾನೂನನ್ನು ದೂರಲಾಗದು.

ವೇಗ ನಮಗೆ ಬೇಕು. ಆದರೆ ಉಳಿಸಿದ ಹತ್ತು ನಿಮಿಷ ಯಾರ ನಡಿಗೆಯಿಂದ, ಯಾರ ಜೀವದಿಂದ ಬಂದದ್ದೆಂದು ಕೇಳಿಕೊಳ್ಳುವ ವ್ಯವಧಾನವೂ ಬೇಕು. ಒಂದು ದೇಶದ ಹೆದ್ದಾರಿಯನ್ನು ಅದರ ಮೇಲೆ ಓಡುವ ಕಾರುಗಳಿಂದ ಅಳೆಯುವುದು ಸುಲಭ. ಹೊರೆ ಹೊತ್ತ ಒಬ್ಬ ಹೆಂಗಸು ಅದನ್ನು ದಾಟಿ ಸಂಜೆ ಮನೆ ಸೇರುತ್ತಾಳೆಯೇ ಎಂಬುದರಿಂದಲೂ ಅದನ್ನು ಅಳೆಯಬೇಕು.