ಮಂಪರು ತರುವ ಔಷಧ ಮತ್ತು ನೈತಿಕ ಹೊಣೆ

ಮಂಪರು ತರುವ ಔಷಧವನ್ನು ಸೇವಿಸಿದವರು ಆ ಸ್ಥಿತಿಯಲ್ಲಿ ಮಾಡಿದ ತಪ್ಪಿಗೆ ಎಷ್ಟರಮಟ್ಟಿಗೆ ಹೊಣೆಯಾಗುತ್ತಾರೆ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆಯೊಂದರ ಇಂದಿನ ರೂಪ. ಅಲರ್ಜಿಗೆ ವೈದ್ಯರು ಬರೆದುಕೊಡುವ ಆಂಟಿಹಿಸ್ಟಮಿನ್ ಮಾತ್ರೆಗಳು ಇದಕ್ಕೆ ತಕ್ಕ ನಿದರ್ಶನ. ಪ್ರೊಮೆಥಜೀನ್, ಹೈಡ್ರಾಕ್ಸಿಜೀನ್‌ನಂಥ ಹಳೆಯ ತಲೆಮಾರಿನ ಔಷಧಗಳು ತುರಿಕೆಯನ್ನು ತಗ್ಗಿಸುವುದಲ್ಲದೆ ಮಿದುಳನ್ನೂ ಹೊಕ್ಕು, ಎಚ್ಚರವನ್ನು ಕಾಯ್ದಿಡುವ ಹಿಸ್ಟಮಿನ್‌ನ ಕೆಲಸಕ್ಕೆ ತಡೆಯೊಡ್ಡುತ್ತವೆ. ಫೆಕ್ಸೊಫೆನಡೀನ್‌ನಂಥ ಹೊಸವು ಮಿದುಳನ್ನು ಸೇರುವುದು ತೀರ ಕಡಿಮೆ. ಹಳೆಯ ಔಷಧಗಳಿಂದ ತೂಕಡಿಕೆ ಅರಿವಿಗೆ ಬಾರದಿದ್ದರೂ ಗಮನ ಮತ್ತು ಚುರುಕುತನ ಕುಗ್ಗಿರಬಹುದು. ತನ್ನ ಎಚ್ಚರವನ್ನು ಅಳೆಯಬೇಕಾದ ಬುದ್ಧಿಯೇ ಆಗ ಮಸುಕಾಗಿರುತ್ತದೆ.

ಅರಿಸ್ಟಾಟಲ್ ತನ್ನ ನೀತಿಗ್ರಂಥದ ಮೂರನೆಯ ಭಾಗದಲ್ಲಿ, ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ಶಿಕ್ಷೆ ವಿಧಿಸುವ ಪದ್ಧತಿಯನ್ನು ಚರ್ಚಿಸುತ್ತಾನೆ. ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತು; ಆದ್ದರಿಂದ ಅಮಲಿನ ಅಜ್ಞಾನವು ಅವನನ್ನು ಪಾರುಮಾಡದು ಎಂಬುದು ಅಲ್ಲಿನ ವಾದ. ರೋಗಿಗೆ ಈ ವಾದ ಪೂರ್ತಿಯಾಗಿ ಅನ್ವಯಿಸದು. ಔಷಧ ಸೇವನೆ ಚಪಲವಲ್ಲ, ಅಗತ್ಯ. ಹೀಗಾಗಿ ಪ್ರಶ್ನೆ ‘ಏಕೆ ಸೇವಿಸಿದ’ ಎಂಬಲ್ಲಿಂದ ‘ಏನನ್ನು ವಿಚಾರಿಸಿ ಸೇವಿಸಿದ’ ಎಂಬಲ್ಲಿಗೆ ಸರಿಯುತ್ತದೆ.

ಬೌದ್ಧರ ಐದನೆಯ ಶೀಲವು ಮದ್ಯವನ್ನು ನಿಷೇಧಿಸುವುದು ಅದು ಪ್ರಮಾದಕ್ಕೆ ಎಡೆಮಾಡುತ್ತದೆಂಬ ಕಾರಣಕ್ಕೆ. ಆದರೂ ಕಾಯಿಲೆಯ ಭಿಕ್ಷುವಿಗೆ ಮದ್ಯ ಬೆರೆಸಿ ಕಾಯಿಸಿದ ಎಣ್ಣೆಯನ್ನು ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಅನುಮತಿಸುತ್ತದೆ. ಮದ್ಯದ ಬಣ್ಣ, ವಾಸನೆ, ರುಚಿ ತೋರದಷ್ಟು ಮಾತ್ರ ಇರಬೇಕೆಂಬ ಮಿತಿಯನ್ನೂ ಹಾಕುತ್ತದೆ. ಅಗತ್ಯಕ್ಕೆ ಮನ್ನಣೆಯಿದೆ, ಅಳತೆ ತಪ್ಪುವುದಕ್ಕೆ ಇಲ್ಲ.

ಚರಕಸಂಹಿತೆಯ ಪ್ರಕಾರ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳು. ಜ್ಞಾಪಕಶಕ್ತಿ, ವೈದ್ಯರ ಸೂಚನೆಯಂತೆ ನಡೆಯುವುದು, ಧೈರ್ಯ, ತನ್ನ ಸ್ಥಿತಿಯನ್ನು ತಿಳಿಯಹೇಳುವುದು ಇವು ರೋಗಿಯಲ್ಲಿರಬೇಕಾದ ಗುಣಗಳು. ಆಂಟಿಹಿಸ್ಟಮಿನ್ ಸೇವನೆಗೆ ಮುನ್ನ ಕೊನೆಯ ಗುಣವೇ ಮುಖ್ಯ. ಗ್ಲೂಕೋಮ, ಪ್ರಾಸ್ಟೇಟ್ ಊತದಿಂದ ಮೂತ್ರ ಕಟ್ಟುವುದು, ಹೃದಯ ಬಡಿತದ ದೋಷ, ಮೂರ್ಛೆರೋಗ, ಯಕೃತ್ತು ಮತ್ತು ಮೂತ್ರಪಿಂಡದ ತೊಂದರೆ, ಬಸಿರು, ಹಾಲೂಡಿಕೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತಿಳಿಸಬೇಕು. ನಿದ್ರೆ ಮಾತ್ರೆ, ಪ್ರಬಲ ನೋವುನಿವಾರಕ, ಮದ್ಯ ಜೊತೆಗೂಡಿದರೆ ಮಂಪರು ಅಪಾಯದ ಮಟ್ಟಕ್ಕೇರಬಹುದು. ಎರಡು ವರ್ಷದೊಳಗಿನ ಮಕ್ಕಳ ಉಸಿರಾಟಕ್ಕೆ ಕುತ್ತು ತರಬಲ್ಲ ಪ್ರೊಮೆಥಜೀನ್ ಅವರಿಗೆ ನಿಷಿದ್ಧ. ಹೇಳಿಕೊಳ್ಳಲಾರದ ಮಗುವಿನ ಪರವಾಗಿ ಈ ಎಚ್ಚರ ಪರಿಚಾರಕರ ಪಾಲಿಗೆ ಬರುತ್ತದೆ.

ಆದರೆ ಎಲ್ಲ ಹೊಣೆಯನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಟರ್ಫೆನಡೀನ್ ಎಂಬ ಆಂಟಿಹಿಸ್ಟಮಿನ್ ಔಷಧವು ಎರಿಥ್ರೊಮೈಸಿನ್ ಎಂಬ ಪ್ರತಿಜೈವಿಕ ಅಥವಾ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕದ ಜೊತೆ ಸೇರಿದಾಗ ದೇಹದಲ್ಲಿ ಕರಗದೆ ಉಳಿದು ಹೃದಯದ ಲಯವನ್ನೇ ಕೆಡಿಸುತ್ತಿತ್ತು. ಬಳಕೆಗೆ ಬಂದು ವರ್ಷಗಳಾದ ಮೇಲೆ ಈ ಅಪಾಯ ಗೊತ್ತಾಗಿ, 1990ರ ದಶಕದ ಕೊನೆಗೆ ಅದು ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ತಜ್ಞರಿಗೇ ತಿಳಿಯದಿದ್ದುದನ್ನು ರೋಗಿ ತಿಳಿದಿರಬೇಕಿತ್ತು ಎನ್ನಲಾಗದು. ಕೇಳಬೇಕಾದುದನ್ನು ಕೇಳದ ವೈದ್ಯರು, ಚೀಟಿಯಿಲ್ಲದೆ ಮಾತ್ರೆ ಮಾರುವ ಅಂಗಡಿಯವರೂ ಹೊಣೆಯ ಪಾಲುದಾರರು.

ಹೀಗೆ ಹೊಣೆಯ ಗಡಿ ಸ್ಪಷ್ಟವಾಗುತ್ತದೆ. ಬುದ್ಧಿ ತಿಳಿಯಾಗಿದ್ದಾಗ ಯಾವುದನ್ನು ಹೇಳಬಹುದಿತ್ತೋ, ಕೇಳಬಹುದಿತ್ತೋ ಅಷ್ಟಕ್ಕೆ ರೋಗಿ ಹೊಣೆ. ವಾಹನ ಓಡಿಸಬಾರದೆಂಬ ಸೂಚನೆ ತಿಳಿದೂ ಮಾತ್ರೆ ನುಂಗಿ ಗಾಡಿ ಹತ್ತಿದವರಿಗೆ, ಕಾಯಿಲೆ ಎಷ್ಟೇ ನಿಜವಾಗಿದ್ದರೂ, ಅದು ಸಮರ್ಥನೆಯಾಗದು.